ಇಡೀ ಜೋಳ, ತರಕಾರಿ ಹಾಕಿ ಕ್ಯಾಸರೋಲ್: ತಳದಲ್ಲಿ ನೀರು ನಿಲ್ಲದ ಹಾಗೆ ಹೇಗೆ ಮಾಡೋದು?

ಡೊಂಬಿವಲಿ ಸುಮಾ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ಶುಗರ್, ಮಗಳಿಗೆ ಚೀಸ್ ಹುಚ್ಚು. ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿನ್ನುವಂಥದ್ದು ಏನಾದರೂ ಬೇಕು. ಮೊನ್ನೆ ನಾದಿನಿ ಮನೆಯಲ್ಲಿ ದಲಿಯಾ (ಗೋಧಿ ನುಚ್ಚು), ತರಕಾರಿ, ವೈಟ್ ಸಾಸ್ ಹಾಕಿ ಓವನ್‌ನಲ್ಲಿ ಕ್ಯಾಸರೋಲ್ ಮಾಡಿದ್ದಳು. ಮೇಲೆ ನೋಡೋಕೆ ಚೆಂದ, ಚಮಚ ಇಳಿಸಿದರೆ ಕೆಳಗೆ ಬರೀ ನೀರು. ದಲಿಯಾ ಗಂಜಿಯಾಗಿ ಕೂತಿತ್ತು.

ವಿಜಯಪುರದಿಂದ ಬಂದ ಬಿಳಿ ಜೋಳ ಡಬ್ಬಿ ತುಂಬಾ ಇದೆ. ಇಡೀ ಜೋಳದಲ್ಲೇ ಮಾಡಬಹುದಾ? ಮೈದಾ ಇಲ್ಲದೆ ಸಾಸ್ ಆಗುತ್ತಾ? ಸಣ್ಣ ಓಟಿಜಿ (ಕರೆಂಟ್ ಓವನ್) ಇದೆ. ಬೆಳಿಗ್ಗೆ 8ರ ಲೋಕಲ್ ಟ್ರೈನ್ ಹಿಡಿಯೋಳು ನಾನು, ಮೊದಲೇ ಮಾಡಿಡುವ ಕೆಲಸ ಇದ್ದರೆ ಅದನ್ನೂ ಹೇಳಿ.

ಕೋಥ್ರೂಡ್ ವೈನಿ

ಸುಮಾ, ಧಾರಾಳವಾಗಿ ಮಾಡಿ. ಇಡೀ ಜೋಳ ಎಷ್ಟು ಬೆಂದರೂ ಮುದ್ದೆ ಆಗಲ್ಲ. ಕಾಳು ಬಿರಿಯುತ್ತೆ, ಆದರೂ ಹಲ್ಲಿಗೆ ಸಿಗುತ್ತೆ. ದಲಿಯಾ ಸಾಸನ್ನೆಲ್ಲ ಹೀರಿಕೊಂಡು ಉಬ್ಬುತ್ತೆ, ಅದಕ್ಕೇ ಗಂಜಿ.

ಒಂದು ಲೋಟ ಜೋಳ ಬೆಳಿಗ್ಗೆ ಹೊರಡುವಾಗ ನೆನೆಹಾಕಿ. ಸಂಜೆ ಬಂದು ಆ ನೀರು ಚೆಲ್ಲಿ, ಮೂರು ಲೋಟ ಹೊಸ ನೀರು, ಉಪ್ಪು ಹಾಕಿ ಕುಕ್ಕರ್ ಇಡಿ. ಒಂದು ಸೀಟಿ ಆದಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಹಳೇ ಜೋಳವಾದರೆ ಇನ್ನೂ ಹತ್ತು ನಿಮಿಷ. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿ. ಸಿಪ್ಪೆ ಬಿರಿದು ಒಳಗಿನದು ಮೆತ್ತಗೆ ಹೊರಗೆ ಬಂದರೆ ಆಯ್ತು. ನಡುವೆ ಬಿಳಿ ಚುಕ್ಕಿ ಗಟ್ಟಿಯಾಗಿ ಉಳಿದಿದ್ದರೆ ಇನ್ನೂ ಬೇಯಬೇಕು. ಆಮೇಲೆ ಜಾಲರಿಗೆ ಸುರಿದು ಬಸಿಯಲು ಬಿಡಿ. ಬಸಿದ ನೀರು ಸಾರಿಗೆ ಆಗುತ್ತೆ, ಚೆಲ್ಲಬೇಡಿ.

ನಿಮ್ಮ ನಾದಿನಿಯ ನೀರು ಬಂದಿದ್ದು ತರಕಾರಿಯಿಂದಲೇ ಇರಬೇಕು. ಓವನ್‌ನಲ್ಲಿ ತಾನೇ ಆರುತ್ತೆ ಅಂತ ಹಸಿ ತರಕಾರಿ ಹಾಕುತ್ತಾರೆ. ಮೇಲೆ ಚೀಸ್ ಹೊದಿಕೆ ಹಾಸಿದ ಮೇಲೆ ಆವಿ ಹೋಗೋದು ಎಲ್ಲಿಗೆ? ಸೋರೆಕಾಯಿ, ಟೊಮೆಟೊ, ಅಣಬೆಗೆ ನನ್ನ ಪಾತ್ರೆಯಲ್ಲಿ ಜಾಗ ಇಲ್ಲ. ಕೆಂಪು ಕುಂಬಳ, ಕ್ಯಾರೆಟ್, ಫರಸ್ಬಿ (ಬೀನ್ಸ್), ದೊಣ್ಣೆ ಮೆಣಸಿನಕಾಯಿ, ಒಂದು ಹಿಡಿ ಮೆಂತೆ ಸೊಪ್ಪು ಸಾಕು. ಅಗಲ ಬಾಣಲೆಯಲ್ಲಿ, ಮುಚ್ಚಳ ಮುಚ್ಚದೆ, ಜೋರು ಉರಿಯಲ್ಲಿ ಹುರಿಯಿರಿ. ಉಪ್ಪು ಬಿದ್ದ ಕೂಡಲೇ ನೀರು ಬಿಡುತ್ತೆ. ಅದು ಪೂರ್ತಿ ಆರಿ ಚರ್ ಚರ್ ಸದ್ದು ಬಂದಾಗ ಇಳಿಸಿ.

ಸಾಸಿಗೆ ಮೈದಾ ಯಾಕೆ, ಜೋಳದ ಹಿಟ್ಟು ಇದೆಯಲ್ಲ! ಎರಡು ದೊಡ್ಡ ಚಮಚ ಹಿಟ್ಟನ್ನು ಒಂದು ಚಮಚ ತುಪ್ಪದಲ್ಲಿ ಘಮ್ ಅನ್ನುವ ತನಕ ಹುರಿದು, ಒಂದೂವರೆ ಲೋಟ ತಣ್ಣನೆ ಹಾಲು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಿ. ಬಿಸಿ ಹಾಲು ಒಮ್ಮೆಲೇ ಸುರಿದರೆ ಗಂಟಾಗುತ್ತೆ. ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ಉಪ್ಪು, ಕಾಳುಮೆಣಸು ಹಾಕಿ ಇಳಿಸಿ. ಚೀಸ್‌ನಲ್ಲೇ ಉಪ್ಪು ಜಾಸ್ತಿ ಇರುತ್ತೆ, ಕೈ ಬಿಗಿ ಹಿಡಿಯಿರಿ.

ಎಲ್ಲ ಕಲಸಿ ಪಾತ್ರೆಗೆ ಹಾಕಿ, 180 ಡಿಗ್ರಿಗೆ ಮೊದಲೇ ಕಾಯಿಸಿದ ಓಟಿಜಿಯಲ್ಲಿ 20-25 ನಿಮಿಷ. ಒಳಗಿನದೆಲ್ಲ ಬೆಂದೇ ಇರುತ್ತೆ, ಮೇಲೆ ಬಣ್ಣ ಬಂದರೆ ಸಾಕು. ಚೀಸ್ ಅರ್ಧ ಪಾತ್ರೆಗೆ ಮಾತ್ರ, ಅದು ಮಗಳದ್ದು. ಇನ್ನರ್ಧಕ್ಕೆ ಶೇಂಗಾ ಹಿಂಡಿ (ಚಟ್ನಿಪುಡಿ), ಕೊನೆಯ ಐದು ನಿಮಿಷದಲ್ಲಿ ಉದುರಿಸಿ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತೆ. ನಮ್ಮನೆಯಲ್ಲಿ ಈಗ ಚೀಸ್ ಕಡೆ ಕೈ ಹಾಕೋರೇ ಇಲ್ಲ.

ಮಡಗಾಂವ್‌ನ ಕಾರವಾರದವ

ವೈನಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಇಲ್ಲಿ ನಾವು ಉಕ್ಡೆ ಅಕ್ಕಿಯಲ್ಲಿ ಮಾಡ್ತೀವಿ. ಕುಚ್ಚಲಕ್ಕಿ ಅಲ್ವಾ, ಅದೂ ಬೇಗ ಮುದ್ದೆ ಆಗಲ್ಲ. ಅಳಸಂದೆ ಕಾಳು ಬೇಯಿಸಿ ಹಾಕಿದರೆ ಪ್ರೋಟೀನ್‌ಗೂ ಆಯ್ತು. ಹಾಲಿನ ಬದಲು ಗಟ್ಟಿ ತೆಂಗಿನಹಾಲು. ಮೇಲೆ ನಿನ್ನೆಯ ಪೊಯ್ (ಗೋವಾದ ಬ್ರೆಡ್) ಇದ್ದರೆ ಪುಡಿ ಮಾಡಿ ಉದುರಿಸಿ. ಅದಕ್ಕೆ ಗೋಧಿ ತೌಡು ಅಂಟಿರುತ್ತಲ್ಲ, ಒಳ್ಳೆ ಗರಿಗರಿ ಆಗುತ್ತೆ. ಚೀಸ್ ನೆನಪೂ ಬರಲ್ಲ.

ಮಾಟುಂಗಾ ರಾವ್

ರುಚಿ ಎಲ್ಲ ಸರಿ. ಆದರೆ ಜೋಳ ಅಂದ ಮಾತ್ರಕ್ಕೆ ಶುಗರ್ ಏರಲ್ಲ ಅಂತ ನಿಮ್ಮ ಮಾವನವರು ಎರಡು ಸಲ ಬಡಿಸಿಕೊಂಡಾರು! 100 ಗ್ರಾಂ ಒಣ ಜೋಳದಲ್ಲಿ ಪ್ರೋಟೀನ್ ಸುಮಾರು 10 ಗ್ರಾಂ, ಕಾರ್ಬೋಹೈಡ್ರೇಟ್ 70 ಗ್ರಾಂ ಹತ್ತಿರ. ಇಡೀ ಕಾಳು, ನಾರು ಇದೆ, ಹಿಟ್ಟಿಗಿಂತ ನಿಧಾನವಾಗಿ ಜೀರ್ಣ ಆಗುತ್ತೆ, ಅಷ್ಟೇ. ಜೋಳ ಒಂದು ಪಾಲು, ತರಕಾರಿ ಎರಡು ಪಾಲು ಇಟ್ಟುಕೊಳ್ಳಿ. ಅದರಲ್ಲೂ ಕುಂಬಳ ಕಡಿಮೆ ಮಾಡಿ, ಫರಸ್ಬಿ ಜಾಸ್ತಿ ಮಾಡಿ. ಜೊತೆಗೆ ಅನ್ನ, ಚಪಾತಿ ಬೇಡ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯನ್ನು ಹಳೇ ತವಾ ಮೇಲಿಟ್ಟು, ಸಣ್ಣ ಉರಿಯಲ್ಲಿ ಮಾಡಬಹುದು. ಮೇಲೆ ಕೆಂಪಗೆ ಆಗಲ್ಲ, ತಳ ಮಾತ್ರ ಆಗುತ್ತೆ. ನನಗೆ ಅದೇ ಇಷ್ಟ.

ಡೊಂಬಿವಲಿ ಸುಮಾ

ಎಲ್ಲರಿಗೂ ಥ್ಯಾಂಕ್ಸ್. ವೈನಿ, ಅರ್ಧ ಅರ್ಧ ಮಾಡೋ ಐಡಿಯಾ ಸೂಪರ್. ಭಾನುವಾರವೇ ಜೋಳ ಬೇಯಿಸಿ ಇಟ್ಟರೆ ನಡೆಯುತ್ತಾ? ರಾವ್ ಸರ್, ಮಾವನಿಗೆ ನಿಮ್ಮ ಉತ್ತರ ಓದಿ ಹೇಳಿದೆ, ಮುಖ ಸಣ್ಣದಾಯ್ತು.

ಕೋಥ್ರೂಡ್ ವೈನಿ

ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು, ಜಾಸ್ತಿ ಬೇಕಾದರೆ ಫ್ರೀಜರ್‌ಗೆ ಹಾಕಿ. ಚೆನ್ನಾಗಿ ಬಸಿದು, ತಣ್ಣಗಾದ ಕೂಡಲೇ ತೆಳ್ಳಗೆ ಹರವಿ ಇಡಿ, ಇಲ್ಲದಿದ್ದರೆ ಒಂದೇ ಗಡ್ಡೆ ಆಗುತ್ತೆ. ಸಾಸ್ ಮಾತ್ರ ಅವತ್ತಿಂದವತ್ತೇ ಮಾಡಿ.

ಚಳಿಗಾಲದಲ್ಲಿ ಇತ್ತ ಬಂದರೆ ಹುರ್ಡಾ ಒಯ್ಯಿರಿ, ನಮ್ಮ ಕಡೆಯ ಸೀತನಿಯೇ. ಎಳೇ ಜೋಳದ ಕಾಳು, ನೆನೆಹಾಕೋದೂ ಬೇಡ, ಕುಕ್ಕರೂ ಬೇಡ. ಮನೆಯವರು ಬೆಲ್ಲದ ಜೊತೆ ಹಾಗೇ ಮುಗಿಸದಿದ್ದರೆ ಕ್ಯಾಸರೋಲಿಗೂ ಉಳಿದೀತು.