ಪದಚರ್ಚೆ: ‘ಹಣ್ಣುಪಾರಿವಾಳ’ ಅಂದರೆ ಯಾವ ಹಕ್ಕಿ?

ಗೆಳೆಯರೇ,

ಫ್ರೂಟ್ ಡವ್, ಇಂಪೀರಿಯಲ್ ಪಿಜನ್, ಗ್ರೀನ್ ಪಿಜನ್. ಹಣ್ಣು ತಿನ್ನುವ ಪಾರಿವಾಳಗಳ ಈ ಮೂರು ಗುಂಪನ್ನೂ ಕನ್ನಡದಲ್ಲಿ ‘ಹಣ್ಣುಪಾರಿವಾಳ’ ಎಂದು ಕರೆದುಬಿಟ್ಟರೆ ಸಾಕಾ? ನನಗೆ ಸಾಲದು ಅನ್ನಿಸುತ್ತದೆ.

ಮೂರೂ ಬಿಸಿನಾಡಿನ ಕಾಡಿನವು, ಮರದ ಮೇಲೇ ಬದುಕುವಂಥವು. ಆದರೆ ತಿಂದ ಹಣ್ಣಿನ ಬೀಜಕ್ಕೆ ಆಗುವ ಗತಿ ಬೇರೆ ಬೇರೆ. ಗ್ರೀನ್ ಪಿಜನ್‌ಗೆ ಆಲ, ಅತ್ತಿಯ ಹಣ್ಣು ಅಂದರೆ ಪ್ರಾಣ. ಅದರ ಹೊಟ್ಟೆಯ ಗಟ್ಟಿ ಚೀಲ ಬೀಜವನ್ನೂ ಅರೆದು ಅರಗಿಸುತ್ತದೆ. ಉಳಿದೆರಡು ಗುಂಪಿನವು ಹಣ್ಣನ್ನು ಇಡಿಯಾಗಿ ನುಂಗಿ, ತಿರುಳು ಕರಗಿಸಿಕೊಂಡು, ಬೀಜವನ್ನು ಹಾಗೇ ಹೊರಹಾಕುತ್ತವೆ. ಕಾಡು ಹಬ್ಬಲು ನಿಜವಾಗಿ ನೆರವಾಗುವವು ಇವೇ. ಇಂಪೀರಿಯಲ್ ಪಿಜನ್‌ನ ಬಾಯಿ ಎಷ್ಟು ಅಗಲ ಹಿಗ್ಗುತ್ತದೆ ಅಂದರೆ, ಕೆಲವು ಜಾತಿಗಳು ಜಾಯಿಕಾಯಿಯನ್ನೇ ಜಾಪತ್ರೆ ಸಮೇತ ನುಂಗುತ್ತವೆ! ಅಷ್ಟು ದೊಡ್ಡ ಬೀಜವನ್ನು ದೂರಕ್ಕೆ ಒಯ್ಯುವ ಹಕ್ಕಿಗಳು ಕಡಿಮೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಹೆಸರು ಮುಚ್ಚಿಹಾಕಬಾರದು ಅಲ್ವಾ?

ಗ್ರೀನ್ ಪಿಜನ್‌ಗೆ ‘ಹಸಿರು ಪಾರಿವಾಳ’ ಅನ್ನುವುದು ಈಗಾಗಲೇ ಬಳಕೆಯಲ್ಲಿದೆ, ಅದನ್ನು ಬಿಡುವುದು ಬೇಡ. ತೊಡಕು ಇರುವುದು ಇಂಪೀರಿಯಲ್ ಗುಂಪಿನದೇ ಒಂದು ಜಾತಿಯಾದ ಗ್ರೀನ್ ಇಂಪೀರಿಯಲ್ ಪಿಜನ್ ವಿಷಯದಲ್ಲಿ. ಅದರ ತಲೆ, ಕತ್ತು, ಎದೆ ತಿಳಿಬೂದು. ಬೆನ್ನು, ರೆಕ್ಕೆ ಮಾತ್ರ ಮಿರುಗುವ ಹಸಿರು. ಉದ್ದ 40 ಸೆಂ.ಮೀ. ದಾಟುತ್ತದೆ. ಇದನ್ನೂ ಹಸಿರು ಪಾರಿವಾಳ ಅಂದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಕೆಲವರು ಇಂಪೀರಿಯಲ್‌ಗೆ ‘ಸಾಮ್ರಾಟ’ ಎಂದು ಸುಮ್ನೆ ಪದಕ್ಕೆ ಪದ ಇಡಬಹುದು. ಅದರಿಂದ ಹಕ್ಕಿಯ ಬಗ್ಗೆ ಏನೂ ತಿಳಿಯುವುದಿಲ್ಲ. ‘ದೊಡ್ಡ ಹಣ್ಣುಪಾರಿವಾಳ’ ಅಂದರೆ ಗಾತ್ರ, ಆಹಾರ ಎರಡೂ ಗೊತ್ತಾಗುತ್ತವೆ.

ಇನ್ನು ಫ್ರೂಟ್ ಡವ್. ಸುಮಾರು 50 ಜಾತಿಗಳಿವೆ. ಆಗ್ನೇಯ ಏಷ್ಯಾ, ನ್ಯೂಗಿನಿ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳು ಇವುಗಳ ನೆಲೆ. ಆದ್ದರಿಂದ ನಮ್ಮ ಆಡುಮಾತಿನಲ್ಲಿ ಹೆಸರು ಹುಡುಕಿ ಫಲವಿಲ್ಲ, ಹೊಸದಾಗಿ ಕಟ್ಟಬೇಕು. ನೇರಳೆ ನೆತ್ತಿ, ಕಿತ್ತಳೆ ಕತ್ತು, ಹಳದಿ ಹೊಟ್ಟೆ, ಹೀಗೆ ಜಾತಿಗೊಂದು ಬಣ್ಣ. ಇಷ್ಟಾದರೂ ಎಲೆಗಳ ನಡುವೆ ಅಲುಗಾಡದೆ ಕೂತರೆ ಕಣ್ಣಿಗೆ ಬೀಳುವುದು ಕಷ್ಟ. ಕೆಳಗೆ ಉದುರುವ ಹಣ್ಣು ನೋಡಿಯೇ ಎಷ್ಟೋ ಸಲ ಹಕ್ಕಿ ಇದೆ ಎಂದು ತಿಳಿಯಬೇಕು. ನಾಲ್ಕು ಕಡ್ಡಿ ಜೋಡಿಸಿದಂಥ ತೆಳು ಗೂಡು, ಅದರಲ್ಲಿ ಸಾಮಾನ್ಯವಾಗಿ ಒಂದೇ ಬಿಳಿ ಮೊಟ್ಟೆ.

ಡವ್ ಅಂದ ಕೂಡಲೇ ‘ಬೆಳವ’ ನೆನಪಾಗುತ್ತದೆ. ಆದರೆ ಬೆಳವ ಅಂದರೆ ನಮಗೆ ನೆಲದ ಮೇಲೆ ಕಾಳು ಹೆಕ್ಕುವ ಮಾಸಲು ಬಣ್ಣದ ಹಕ್ಕಿ. ‘ಹಣ್ಣುಬೆಳವ’ ಕೇಳಲು ಚೆಂದವೇ, ಚಿತ್ರ ಮಾತ್ರ ತಪ್ಪುತ್ತದೆ. ಇಂಗ್ಲಿಷಿನ ಪಿಜನ್, ಡವ್ ಭೇದಕ್ಕೆ ವಿಜ್ಞಾನದ ಆಧಾರವೂ ಇಲ್ಲ. ಹಾಗಾಗಿ ಬರೀ ‘ಹಣ್ಣುಪಾರಿವಾಳ’ ಎಂಬ ಪದವನ್ನು ಫ್ರೂಟ್ ಡವ್‌ಗಳಿಗೇ ಮೀಸಲಿಡೋಣ ಎಂಬುದು ನನ್ನ ಒಲವು.

ಒಂದು ಕೇಳಬೇಕಿತ್ತು. ಕಾಡಂಚಿನವರು ಇಂಪೀರಿಯಲ್ ಪಿಜನ್‌ಗೆ ಬೇರೆಯದೇ ಹೆಸರು ಹೇಳುವುದನ್ನು ಯಾರಾದರೂ ಕೇಳಿದ್ದೀರಾ? ಅಂಥ ಹೆಸರು ಸಿಕ್ಕರೆ ನನ್ನ ‘ದೊಡ್ಡ ಹಣ್ಣುಪಾರಿವಾಳ’ವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.