ಅಪ್‌ಡೇಟ್: ತಾನಾಗಿ ಜಾಹೀರಾತು ಒತ್ತುತ್ತಿದ್ದ ಎಕ್ಸ್‌ಟೆನ್ಶನ್ ಹೋಯಿತು

ಕೋಲಾರದ ಸೈಬರ್ ಸೆಂಟರ್‌ನ ಕ್ರೋಮ್‌ನಲ್ಲಿ ಯಾರೋ ಹಾಕಿಹೋದ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ತಾನಾಗಿ ಜಾಹೀರಾತು ಕ್ಲಿಕ್ ಮಾಡ್ತಿದೆ, ತೆಗೆಯೋದು ಹೇಗೆ, ಕೇಸ್ ಆಗುತ್ತಾ ಅಂತ ಕೇಳಿದ್ದೆ. ಸರಿಹೋಯ್ತು.

ಕ್ರೋಮ್ ತೆಗೆದು ಮತ್ತೆ ಹಾಕಿದ್ದರಿಂದ ಪ್ರಯೋಜನ ಆಗಲಿಲ್ಲ. ರಿಮೂವ್ ಬಟನ್ನೇ ಒತ್ತೋಕೆ ಬರ್ತಿರಲಿಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಇಟ್ಟುಕೊಳ್ಳೋ ಜಾಗ) ನೋಡಿ ಅಂದವರ ಸಲಹೆಯೇ ಫಲ ಕೊಟ್ಟಿದ್ದು. ಅದನ್ನ ತಿದ್ದೋ ರೆಜ್‌ಎಡಿಟ್ ತೆರೆದು, ಬ್ಯಾಕಪ್ ತೆಗೆದು, ಲೋಕಲ್ ಮಶೀನ್ > ಸಾಫ್ಟ್‌ವೇರ್ > ಪಾಲಿಸೀಸ್ > ಗೂಗಲ್ > ಕ್ರೋಮ್ ಒಳಗಿನ ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ನಲ್ಲಿದ್ದ (ಬಲವಂತವಾಗಿ ಹಾಕೋ ಎಕ್ಸ್‌ಟೆನ್ಶನ್‌ಗಳ ಪಟ್ಟಿ) ಅದರ ಐಡಿ ಅಳಿಸಿ, ಕ್ರೋಮ್ ಮುಚ್ಚಿ ತೆರೆದಾಗ ಹೋಯ್ತು. ಅಳಿಸೋ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರು ಕೊಡೋಕೆ ಬೇಕಾಗುತ್ತೆ.

ಗಾಬರಿ ಆಗಿದ್ದು ಅದರ ಪರ್ಮಿಷನ್ ನೋಡಿ: ಎಲ್ಲಾ ವೆಬ್‌ಸೈಟ್‌ಗಳ ಮಾಹಿತಿ ಓದಬಹುದು, ಬದಲಿಸಬಹುದು. ಪಹಣಿಗೆ, ಬ್ಯಾಂಕಿಗೆ ಲಾಗಿನ್ ಆಗೋ ಗಿರಾಕಿಗಳ ಪಾಸ್‌ವರ್ಡೂ ಅದಕ್ಕೆ ಕಾಣುತ್ತೆ. ಅಲ್ಲಿ ಲಾಗಿನ್ ಆದವರೆಲ್ಲ ಪಾಸ್‌ವರ್ಡ್ ಬದಲಿಸಲೇಬೇಕು.

ಕಾನೂನಿನ ಮಾತು: ಮಾಲೀಕರ ಅನುಮತಿ ಇಲ್ಲದೆ ಇಂಥದ್ದು ಹಾಕಿದರೆ ಐಟಿ ಕಾಯ್ದೆ 2000ರ ಕಲಂ 43 ಅನ್ವಯಿಸಬಹುದು. ಮೋಸದ ಉದ್ದೇಶ ಇದ್ದರೆ ಕಲಂ 66: 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನು ಅದು ಒತ್ತುತ್ತಿದ್ದ ಜಾಹೀರಾತಿಗೆ ಕ್ಲಿಕ್ಕಿಗೆ ಇಷ್ಟು ಅಂತ ದುಡ್ಡು ಕಟ್ಟಿದ ಶ್ರೀನಿವಾಸಪುರದ ಡ್ರಿಪ್ ಪೈಪ್ ಅಂಗಡಿಯವರಿಗೆ ಒಬ್ಬ ಗಿರಾಕಿಯೂ ಬರದೆ ಬಜೆಟ್ ಖಾಲಿ. ಇದು ನೇರ ಅನ್ಯಾಯ. ಜಾಹೀರಾತು ತೋರಿಸಿದ ಸೈಟಿನವರ ಆ್ಯಡ್‌ಸೆನ್ಸ್ (ಜಾಹೀರಾತು ತೋರಿಸಿದ್ದಕ್ಕೆ ಗೂಗಲ್ ದುಡ್ಡು ಕೊಡೋ ವ್ಯವಸ್ಥೆ) ಖಾತೆಯೂ, ಅವರ ತಪ್ಪಿಲ್ಲದಿದ್ದರೂ, ಬಂದ್ ಆಗಬಹುದು.