ಒಗೆದರೂ ಬ್ರಾದಿಂದ ಬೆವರಿನ ವಾಸನೆ ಹೋಗುತ್ತಿಲ್ಲ, ನೀವೆಲ್ಲ ಏನು ಮಾಡಿದಿರಿ?

ಕೇಳಿದವರು, ಸುರತ್ಕಲ್

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಸಿಟಿ ಬಸ್ಸಿನಲ್ಲಿ ನಿಂತೇ ಹೋಗಬೇಕು, ಅಂಗಡಿಯಲ್ಲಿಯೂ ಒಂಬತ್ತು ಗಂಟೆ ನಿಂತೇ ಇರಬೇಕು. ನನ್ನ ಬಳಿ ಇರುವುದು ನಾಲ್ಕು ಬ್ರಾ: ಎರಡು ಹತ್ತಿಯವು, ಎರಡು ಸ್ಪಂಜು ಇರುವ ಸಿಂಥೆಟಿಕ್. ಪ್ರತಿದಿನ ಒಗೆಯುತ್ತೇನೆ. ಒಣಗಿದಾಗ ಸೋಪಿನ ಪರಿಮಳವೇ ಇರುತ್ತದೆ, ಆದರೆ ಹಾಕಿಕೊಂಡು ಮೈ ಬಿಸಿಯಾದ ಅರ್ಧ ಗಂಟೆಯಲ್ಲಿ ಹಳೆಯ ನಾತ ಏಳುತ್ತದೆ. ಸ್ಪಂಜಿನವುಗಳಲ್ಲಿ ಹೆಚ್ಚು. ಗಿರಾಕಿಯ ಮುಂದೆ ಸೀರೆ ಬಿಡಿಸಿ ತೋರಿಸಲು ಕೈ ಎತ್ತುವಾಗ ಜೀವ ಹಿಡಿಯಾಗುತ್ತದೆ. ಮಳೆ ಹಿಡಿಯಲು ಎರಡು ವಾರವೂ ಇಲ್ಲ. ಮಹಡಿಯ ಮೇಲಿನ ಬಾಡಿಗೆ ಕೋಣೆ, ಅಂಗಳವಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕುಲಶೇಖರ, ಮಂಗಳೂರು

ವಿನೆಗರ್ ಹಾಕಿ ಎಂದು ಯಾರಾದರೂ ಹೇಳುವ ಮೊದಲು ನನ್ನ ಕಥೆ ಕೇಳಿ. ಕಳೆದ ವರ್ಷ ಮಾರ್ಚ್‌ನಲ್ಲಿ ಮೂರು ಹೊಸ ಬ್ರಾ ತೆಗೆದುಕೊಂಡೆ, ಒಂದಕ್ಕೆ 649 ರೂಪಾಯಿ, ಒಟ್ಟು 1,947. ಮೊಬೈಲಿನಲ್ಲಿ ಕಂಡ ವಿಡಿಯೊ ನಂಬಿ, ವಿನೆಗರನ್ನು ನೀರು ಬೆರೆಸದೆ ಕಂಕುಳಿನ ಪಟ್ಟಿಗೆ ಸುರಿದು ರಾತ್ರಿಯಿಡೀ ಬಿಟ್ಟೆ. ವಾರಕ್ಕೆ ಎರಡು ಸಲ ಹೀಗೆ. ವಾಸನೆ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಗಸ್ಟ್ ಬರುವಷ್ಟರಲ್ಲಿ ಕೆಳಪಟ್ಟಿಯ ಇಲಾಸ್ಟಿಕ್ ಜೋಲುಬಿದ್ದಿತು. ಕೊನೆಯ ಸಾಲಿನ ಹುಕ್ಕಿಗೆ ಸಿಕ್ಕಿಸಿದರೂ ಬೆನ್ನಿನ ಮೇಲಕ್ಕೆ ಏರುತ್ತಿತ್ತು. ದರ್ಜಿಯ ಬಳಿ ಪಟ್ಟಿ ಬದಲಿಸಲು ಒಂದಕ್ಕೆ 80 ರೂಪಾಯಿ ಕೊಟ್ಟೆ. ಆ ಹೊಲಿಗೆ ಪಕ್ಕೆಗೆ ಒತ್ತಿ ಗೆರೆ ಬಿದ್ದು, ಮೂರನ್ನೂ ಎಸೆದೆ.

ಈಗ ಅರ್ಧ ಬಾಲ್ದಿ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್, ಇಪ್ಪತ್ತು ನಿಮಿಷ, ತಿಂಗಳಿಗೆ ಒಂದೇ ಸಲ. ಅದಕ್ಕೆ ಒಂದು ಚಮಚ ಅಡುಗೆ ಸೋಡಾವನ್ನೂ ಹಾಕುತ್ತೇನೆ. ನೊರೆ ಬಂದರೆ ಕೊಳೆ ಬಿಡುತ್ತಿದೆ ಎಂದು ಅರ್ಥ.

ಮಣಿಪಾಲ, ನರ್ಸ್

ಆ ನೊರೆಗೂ ಕೊಳೆಗೂ ಸಂಬಂಧವಿಲ್ಲ. ವಿನೆಗರ್ ಆಮ್ಲ, ಸೋಡಾ ಕ್ಷಾರ; ಒಂದನ್ನೊಂದು ತಿಂದುಹಾಕಿ ಉಳಿಯುವುದು ಬಹುಪಾಲು ಉಪ್ಪುನೀರು. ಹಾಕುವುದಾದರೆ ಒಂದನ್ನು ಇಂದು, ಇನ್ನೊಂದನ್ನು ಬೇರೆ ದಿನ ಹಾಕಬೇಕು.

ನಾನು ಮೋಸ ಹೋಗಿದ್ದು ಬಟ್ಟೆ ಮೆದುವಾಗಿಸುವ ಪರಿಮಳದ ದ್ರವದಿಂದ. ರಾತ್ರಿ ಪಾಳಿ, ಮೇಲೊಂದು ಏಪ್ರನ್, ಬೆವರು ಆರುವ ದಾರಿಯೇ ಇಲ್ಲ. ವಾಸನೆ ಬಂದಷ್ಟೂ ಹೆಚ್ಚು ಸುರಿದೆ. ತಿಂಗಳಿಗೆ ಒಂದು ಬಾಟಲಿ, 235 ರೂಪಾಯಿ, ಹದಿನಾಲ್ಕು ತಿಂಗಳು. 3,290 ರೂಪಾಯಿ ನೀರಿಗೆ ಹೋಯಿತು. ಬೆವರಿಗೆ ಸ್ವತಃ ಹೆಚ್ಚು ವಾಸನೆ ಇಲ್ಲ. ಚರ್ಮದ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಬಿಡದೆ ಹಿಡಿದುಕೊಳ್ಳುತ್ತದೆ. ಅದರ ಮೇಲೆ ನಾನು ತಿಂಗಳುಗಟ್ಟಲೆ ಮೇಣದಂಥ ಪದರ ಬಳಿಯುತ್ತಿದ್ದೆ. ಸೋಪಿನ ನೀರು ಒಳಗೆ ಇಳಿಯುವುದಾದರೂ ಹೇಗೆ?

ದ್ರವವನ್ನು ಬಿಟ್ಟೆ. ಆಮ್ಲಜನಕ ಬಿಡುವ ಪುಡಿ, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್, ಅರ್ಧ ಕಿಲೊಗೆ 299. ಕೈ ಇಟ್ಟರೆ ಹಿತವೆನಿಸುವಷ್ಟು ಬೆಚ್ಚನೆಯ ನೀರಿಗೆ ಒಂದು ಚಮಚ, ಒಂದು ಗಂಟೆ. ಮೊದಲ ಸಲ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೂರು ವಾರ, ವಾರಕ್ಕೊಮ್ಮೆ ಮಾಡಿದ ಮೇಲೆ ನಾತ ಹೋಯಿತು. ಕುದಿಯುವ ನೀರು ಬೇಡ, ಇಲಾಸ್ಟಿಕ್ ಸಾಯುತ್ತದೆ.

ಕಾವೂರು

ಪುಡಿ ಎಂದ ಕೂಡಲೇ ಅಂಗಡಿಯಲ್ಲಿ ಸಿಗುವ ಬಿಳಿ ಬ್ಲೀಚಿಂಗ್ ಪುಡಿ ತರಬೇಡಿ. ನಾನು ತಂದಿದ್ದೆ. ನಮ್ಮದು ಬೋರ್‌ವೆಲ್ ನೀರು, ಕಬ್ಬಿಣದ ಅಂಶ ಹೆಚ್ಚು. ಬೆಳ್ಳಗಿದ್ದ ಎರಡು ಬ್ರಾ ತುಕ್ಕಿನ ಬಣ್ಣಕ್ಕೆ ತಿರುಗಿದವು, ಭುಜದ ಪಟ್ಟಿ ಎಳೆದರೆ ಪಟಪಟನೆ ಎಳೆ ಬಿಡುತ್ತಿತ್ತು. 1,100 ರೂಪಾಯಿಯ ಮಾಲು. ಇಂದಿಗೂ ಆ ಡಬ್ಬ ಕಂಡರೆ ಹೊಟ್ಟೆ ಉರಿಯುತ್ತದೆ.

ಉಡುಪಿ, ಕಿನ್ನಿಮೂಲ್ಕಿ

ನನಗೆ 67. ನಾವು ಇದನ್ನು ಬಾಡಿ ಎನ್ನುತ್ತಿದ್ದೆವು, ಹತ್ತಿ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯುತ್ತಿದ್ದೆವು. ಅಂಟುವಾಳದ ಏಳೆಂಟು ಕಾಯಿಗಳ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿದ ನೀರಿನಲ್ಲಿ ಅದ್ದಿಟ್ಟು, ಕಲ್ಲಿನ ಮೇಲೆ ಮೆಲ್ಲನೆ ಕುಕ್ಕಿ, ಬಾವಿಯ ನೀರಿನಲ್ಲಿ ಜಾಲಿಸಿದರೆ ಮುಗಿಯಿತು. ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಬಚ್ಚಲಿನ ಹಂಡೆಯ ಒಲೆಯ ಮೇಲೆ ಬಿದಿರಿನ ಕೋಲು ಕಟ್ಟಿ ಒಣಗಿಸುತ್ತಿದ್ದೆವು. ಹೊಗೆಯ ವಾಸನೆ ಬರುತ್ತಿತ್ತು, ಮುಗ್ಗಲು ವಾಸನೆ ಬರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಲಾವಂಚದ ಬೇರು ಇರುತ್ತಿತ್ತು. ಇಷ್ಟಕ್ಕೆ ಸಾವಿರಗಟ್ಟಲೆ ಸುರಿಯುವ ಕರ್ಮ ನಮಗೆ ಬರಲಿಲ್ಲ. ಒಣಗಿಸುವಾಗ ಮೇಲೊಂದು ತೆಳು ಬೈರಾಸು (ಟವೆಲ್) ಹೊದಿಸಬೇಕು, ಮರ್ಯಾದೆಯೂ ಉಳಿಯುತ್ತದೆ.

ಕಂಕನಾಡಿ

ಅಮ್ಮ, ನೀವು ಹಿರಿಯರು. ಆದರೆ ಆ ಬೈರಾಸಿನ ಮಾತು ಓದಿ ಮೈ ಉರಿಯಿತು. ಮದುವೆಯಾದ ದಿನದಿಂದ ಹನ್ನೊಂದು ವರ್ಷ ನಾನು ಬ್ರಾ ಒಣಗಿಸಿದ್ದು ಬಚ್ಚಲಿನ ಹಿಂದಿನ ಗೋಡೆಯ ನೆರಳಿನಲ್ಲಿ, ಅದೂ ಬೈರಾಸಿನ ಅಡಿಯಲ್ಲಿ. ಮಾವ ನೋಡಬಾರದು, ಮೈದುನ ನೋಡಬಾರದು, ಗ್ಯಾಸ್ ತರುವವನು ನೋಡಬಾರದು. ಮಳೆಗಾಲದಲ್ಲಿ ಮೂರು ದಿನವಾದರೂ ಪಟ್ಟಿಯ ಅಡಿ ಒದ್ದೆಯೇ. ಒದ್ದೆಯದನ್ನೇ ತೊಟ್ಟು ಬಸ್ ಹತ್ತುತ್ತಿದ್ದೆ.

2022ರ ಜುಲೈಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಕೆಂಪಾಗಿ ತುರಿಕೆ ಶುರುವಾಯಿತು. ನಾಚಿಕೆಗೆ ವೈದ್ಯರ ಬಳಿ ಹೋಗದೆ ಔಷಧದ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದೆ, 85 ರೂಪಾಯಿ. ಎರಡು ದಿನ ಸ್ವರ್ಗ, ನಂತರ ಬೆನ್ನಿನವರೆಗೆ ಹಬ್ಬಿತು. ಚರ್ಮದ ವೈದ್ಯೆ ಹೇಳಿದ್ದು: ಇದು ಶಿಲೀಂಧ್ರ, ಟ್ಯೂಬಿನಲ್ಲಿದ್ದ ಸ್ಟೀರಾಯ್ಡ್ ತುರಿಕೆಯನ್ನು ಮುಚ್ಚಿಟ್ಟು ರೋಗವನ್ನು ಬೆಳೆಸಿದೆ. ನಾಲ್ಕು ಭೇಟಿಗೆ 2,000, ಔಷಧಕ್ಕೆ 2,340, ಆಟೊಗೆ 560. ಟ್ಯೂಬಿನದು ಸೇರಿ 4,985 ರೂಪಾಯಿ, ಆರು ವಾರ. ವೈದ್ಯೆ ಕೇಳಿದ ಮೊದಲ ಪ್ರಶ್ನೆ, ‘ಎಲ್ಲಿ ಒಣಗಿಸುತ್ತೀರಿ?’

ಅಂದೇ ತಾರಸಿಯಲ್ಲಿ ಹಗ್ಗ ಕಟ್ಟಿದೆ. ಗಂಡನ ಬನಿಯನ್ ಪಕ್ಕದಲ್ಲೇ ನನ್ನ ಬ್ರಾ. ಅವರ ಬನಿಯನ್‌ಗೆ ಯಾರೂ ಬೈರಾಸು ಹೊದಿಸಿದ್ದನ್ನು ನಾನು ಕಂಡಿಲ್ಲ. ಅತ್ತೆ ಎಂಟು ದಿನ ಮಾತು ಬಿಟ್ಟರು. ಬಿಡಲಿ.

ಉಡುಪಿ, ಕಿನ್ನಿಮೂಲ್ಕಿ

ನಿಮ್ಮ ಅತ್ತೆ ಮಾಡಿದ್ದನ್ನು ನನ್ನ ತಲೆಗೆ ಕಟ್ಟಬೇಡಿ ಮಗಳೇ. ನಾನು ನೆರಳಿಗೆ ಹಾಕಿ ಎಂದಿಲ್ಲ. ಪಕ್ಕದ ಜಾಗದಲ್ಲಿ ಕಟ್ಟಡ ಏಳುತ್ತಿದ್ದಾಗ ನನ್ನ ಮಗಳ ಮೂರು ಬಾಡಿಗಳು ಹಗ್ಗದಿಂದಲೇ ಕಳವಾದವು. ಆ ಹುಡುಗಿ ಒಂದು ತಿಂಗಳು ಅಂಗಳಕ್ಕೆ ಇಳಿಯಲಿಲ್ಲ. ಆ ಭಯಕ್ಕೆ ಹೊದಿಸಲು ಶುರುಮಾಡಿದೆ.

ಕಂಕನಾಡಿ

ಅದನ್ನು ಓದಿ ಬೇಸರವಾಯಿತು ಅಮ್ಮ. ಆದರೆ ಕದ್ದವನು ತಿರುಗಾಡಿಕೊಂಡಿದ್ದ, ಕತ್ತಲೆಗೆ ಸರಿದದ್ದು ನಿಮ್ಮ ಮಗಳ ಬಟ್ಟೆ. ನಾನು ಹೇಳುತ್ತಿರುವುದೂ ಅದನ್ನೇ.

ಕುಲಶೇಖರ

ಮಣಿಪಾಲದವರಿಗೆ: ನನ್ನ ವಿನೆಗರ್ ಬಾಟಲಿಗೆ 45 ರೂಪಾಯಿ, ನಿಮ್ಮ ಪುಡಿಗೆ 299. ಬಟ್ಟೆ ಅಂಗಡಿಯ ಸಂಬಳದವರಿಗೆ ಯಾವುದನ್ನು ಹೇಳಬೇಕು? ಸೋಡಾ ಹಾಕಿದರೂ ನನಗೆ ವಾಸನೆ ಹೋಗಿದೆ. ಪುಸ್ತಕದ ಮಾತಿಗಿಂತ ನನ್ನ ಮೂಗನ್ನು ನಂಬುತ್ತೇನೆ.

ಮಣಿಪಾಲ, ನರ್ಸ್

ನಿಮಗೆ ವಾಸನೆ ಹೋಗಿರುವುದು ಒಗೆಯುವ ಸೋಪಿನಿಂದ. 299ರ ಪುಡಿ ನನಗೆ ಏಳು ತಿಂಗಳು ಬಂತು. 1,947 ರೂಪಾಯಿಯ ಬ್ರಾ ಎಸೆದವರು ನನಗೆ ಉಳಿತಾಯ ಕಲಿಸಬೇಕಾಗಿಲ್ಲ.

ಕೇಳಿದವರು, ಸುರತ್ಕಲ್

ಅಕ್ಕಂದಿರೇ, ನನ್ನ ಕಾರಣಕ್ಕೆ ಜಗಳ ಬೇಡ. ಮನೆಯ ಯಜಮಾನರ ಹೆಂಡತಿಯನ್ನು ತಾರಸಿಯ ಬಗ್ಗೆ ಕೇಳಿದೆ. ಬೆಳಗ್ಗೆ ಒಂಬತ್ತರವರೆಗೆ ಅವರ ಬಟ್ಟೆ, ಅನಂತರ ನನ್ನದು ಹಾಕಬಹುದು ಎಂದರು. ನಾನು ಏಳೂವರೆಗೇ ಬಸ್ ಹಿಡಿಯಬೇಕು. ಸ್ಪಂಜಿನ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಮಣಿಪಾಲ, ನರ್ಸ್

ಕ್ಷಮಿಸಿ ತಂಗಿ. ಸ್ಪಂಜು ಹೊರತೆಗೆಯುವಂಥದ್ದಾದರೆ ತೆಗೆದು ಬೇರೆಯಾಗಿ ಒಗೆಯಿರಿ. ಹಿಂಡಬೇಡಿ, ಒಣ ಬೈರಾಸಿನಲ್ಲಿ ಸುತ್ತಿ ಅಂಗೈಯಿಂದ ಒತ್ತಿದರೆ ಅರ್ಧ ನೀರು ಬಿಡುತ್ತದೆ. ರಾತ್ರಿ ಫ್ಯಾನಿನ ಎದುರು, ಕಪ್ಪಿನ ಒಳಭಾಗ ಗಾಳಿಗೆ ತಿರುಗಿರುವಂತೆ, ಕೆಳಪಟ್ಟಿಯ ಮಧ್ಯಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ಭುಜದ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಅದು ಉದ್ದವಾಗುತ್ತದೆ. ಹೊಲಿದೇ ಬಿಟ್ಟ ಸ್ಪಂಜಾದರೆ ಮಳೆಗಾಲ ಮುಗಿಯುವವರೆಗೆ ಒಳಗಿಡಿ, ಹತ್ತಿಯದು ಇನ್ನೆರಡು ತೆಗೆದುಕೊಳ್ಳಿ. ಒಂದೇ ಬ್ರಾವನ್ನು ಎರಡು ದಿನ ಸಾಲಾಗಿ ತೊಡಬೇಡಿ. ಸಂಜೆ ಕಳಚಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ ಆಗಲೇ ನೀರಿಗೆ ಹಾಕಿ.

ಕಂಕನಾಡಿ

ಭಾನುವಾರ ಅಂಗಡಿಗೆ ರಜೆ ಇದ್ದರೆ ನಾಲ್ಕನ್ನೂ ಒಟ್ಟಿಗೆ ತಾರಸಿಗೆ ಒಯ್ಯಿರಿ, ಒಳಭಾಗ ಬಿಸಿಲಿಗೆ ಮೇಲಾಗಿರಲಿ. ಹೊದಿಸಬೇಡಿ.

ಉಡುಪಿ, ಕಿನ್ನಿಮೂಲ್ಕಿ

ಅಂಟುವಾಳ ಬೇಕಾದರೆ ಹೇಳು ಮಗಳೇ. ನಮ್ಮ ಮನೆಯಲ್ಲಿ ಒಂದು ಡಬ್ಬ ತುಂಬ ಇದೆ. ಉಡುಪಿಗೆ ಬಂದಾಗ ತೆಗೆದುಕೊಂಡು ಹೋಗು.